ಮಾಳಿಗೆಯ ಸೆನ್ಸರ್‌ ಹೇಳಿದ 56 ಡಿಗ್ರಿ

ರಾಯಚೂರಿನ ನಮ್ಮ ಮನೆಯ ಮಾಳಿಗೆ ಮೇಲೆ ಒಂದು ವೈರ್‌ಲೆಸ್ ಉಷ್ಣಾಂಶ ಸೆನ್ಸರ್ ಇದೆ. ಅದರ ಜೋಡಿಯ ಡಿಸ್‌ಪ್ಲೇ ನನ್ನ ಕೈಜಾರಿ ಬಿದ್ದು ಒಡೆಯಿತು. ಸೆನ್ಸರ್ ಮಾತ್ರ ತನ್ನ ಪಾಡಿಗೆ ಕೂಗುತ್ತಲೇ ಇತ್ತು, ಕೇಳುವವರಿಲ್ಲ. ಅದರ ಬೆನ್ನಿಗೆ 433 ಮೆಗಾಹರ್ಟ್ಜ್ ಎಂದು ಅಚ್ಚಾಗಿದ್ದು ಕಂಡು, ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ತರಿಸಿದೆ; ಯುಎಸ್‌ಬಿಗೆ ಚುಚ್ಚಿದರೆ ಲ್ಯಾಪ್‌ಟಾಪನ್ನೇ ರೇಡಿಯೊ ರಿಸೀವರ್ ಮಾಡುವ ಪುಟ್ಟ ಸಾಧನ ಅದು. ಒಳಗಿನ ಆರ್‌ಟಿಎಲ್2832ಯು ಚಿಪ್ ಮೂಲತಃ ಟಿವಿ ನೋಡಲಿಕ್ಕೆ ಮಾಡಿದ್ದು.

ಹಳೇ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಆರ್‌ಟಿಎಲ್_433 ಎಂಬ, ಇಂಥ ಸೆನ್ಸರುಗಳ ಸಂಕೇತ ಬಿಡಿಸುವ ಪ್ರೋಗ್ರಾಮನ್ನು ಹಾಕಿ ಓಡಿಸಿದರೆ ಮೈನಸ್ 6 ಎಂಬ ಎರರ್. ಲಿನಕ್ಸ್ ಡಾಂಗಲ್ಲನ್ನು ಟಿವಿ ಟ್ಯೂನರ್ ಅಂತಲೇ ತಿಳಿದು ತಾನೇ ಹಿಡಿದುಕೊಂಡಿತ್ತು. ಆ ಡಿವಿಬಿ (ಡಿಜಿಟಲ್ ಟಿವಿ) ಡ್ರೈವರನ್ನು ತಾನಾಗಿ ಏಳದಂತೆ ಬ್ಲ್ಯಾಕ್‌ಲಿಸ್ಟ್ ಮಾಡಿ, ಡಾಂಗಲ್ ಕಿತ್ತು ಮತ್ತೆ ಚುಚ್ಚಿದೆ. ಎರರ್ ಹೋಯಿತು, ಆದರೆ ಒಂದು ಸಾಲೂ ಬರಲಿಲ್ಲ. ಆಂಟೆನಾವನ್ನು 17 ಸೆಂಟಿಮೀಟರಿಗೆ, ಅಂದರೆ ಕಾಲು ತರಂಗದುದ್ದಕ್ಕೆ ಎಳೆದು, ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಕಿಟಕಿಯಲ್ಲಿಟ್ಟ ಮೇಲೆ ಬಂತು: ನೆಕ್ಸಸ್ ಮಾದರಿ, ಚಾನೆಲ್ 2, ಉಷ್ಣಾಂಶ 56.3.

ಮೇ ತಿಂಗಳ ರಾಯಚೂರಾದರೂ 56 ಅಂದರೆ ಹೆಚ್ಚಾಯಿತು! ಡಿಕೋಡಿಂಗೇ ತಪ್ಪಿದೆ ಎಂದು ಅರ್ಧ ದಿನ ಪ್ರೋಗ್ರಾಮನ್ನು ಬೈದೆ. ಕೊನೆಗೆ ಮಾಳಿಗೆ ಹತ್ತಿದೆ. "ಇಂಥಾ ಬಿಸಲಾಗ ಅಲ್ಲೇನ್ ಮಾಡಾಕತ್ತೀಯೋ?" ಎಂದು ಅವ್ವ ಕೆಳಗಿನಿಂದ ಕೂಗಿದಳು. ಉತ್ತರ ಅವಳ ಪ್ರಶ್ನೆಯಲ್ಲೇ ಇತ್ತು. ಸೆನ್ಸರ್ ಕುಂಬಿಗೋಡೆಯ ಮೇಲೆ ನೇರ ಬಿಸಿಲಲ್ಲಿ ಕಾದಿತ್ತು. ಅದು ಹೇಳುತ್ತಿದ್ದುದು ಗಾಳಿಯ ಬಿಸಿಯನ್ನಲ್ಲ, ತನ್ನ ಪ್ಲಾಸ್ಟಿಕ್ ಮೈಯ ಬಿಸಿಯನ್ನು. ನೀರಿನ ಟ್ಯಾಂಕಿನ ನೆರಳಿಗೆ, ಗಾಳಿಯಾಡುವಂತೆ ಕಟ್ಟಿದ ಮೇಲೆ 42ಕ್ಕಿಳಿಯಿತು.

ನಡುನಡುವೆ ಬೇಡದ ಸಾಲುಗಳೂ ಬರುತ್ತವೆ. ಒಂದು ಸಂಜೆ ಯಾವುದೋ ಕಾರಿನ ಟೈರ್ ಸೆನ್ಸರ್ 228 ಕಿಲೊಪ್ಯಾಸ್ಕಲ್ ಎಂದಿತು, 6.9ರಿಂದ ಭಾಗಿಸಿದರೆ ಪಂಕ್ಚರ್ ಅಂಗಡಿಯ ಲೆಕ್ಕದ 33 ಪಿಎಸ್‌ಐ. ಮೊದಲು ಖುಷಿಯಾಯಿತು. ಆಮೇಲೆ, ಸೆನ್ಸರ್ ಜೊತೆಗೇ ಕಳಿಸುವ ಗುರುತಿನ ಸಂಖ್ಯೆ, ಅಂದರೆ ಅದೇ ಐಡಿ ನೋಡುತ್ತ ಹೋದರೆ ಆ ಕಾರು ಎಷ್ಟು ಹೊತ್ತಿಗೆ ಹೋಗಿ ಬರುತ್ತದೆ ಎಂಬುದೂ ತಿಳಿದೀತು ಅನ್ನಿಸಿ ಕಸಿವಿಸಿಯಾಯಿತು. ನನ್ನ ಸೆನ್ಸರಿನ ಐಡಿ ಬಿಟ್ಟು ಉಳಿದದ್ದು ಫೈಲಿಗೆ ಬೀಳದಂತೆ ಸ್ಕ್ರಿಪ್ಟ್ ಬರೆದೆ.

ಮಳೆಗಾಲದಲ್ಲಿ ಸೆನ್ಸರಿಗೆ ಹೊಸ ಸೆಲ್ ಹಾಕಿದೆ. ಎರಡು ದಿನ ಫೈಲ್ ಖಾಲಿ! ಸೆಲ್ ಬದಲಿಸಿದರೆ ಈ ಸೆನ್ಸರುಗಳು ಹೊಸ ಐಡಿ ಇಟ್ಟುಕೊಳ್ಳುತ್ತವೆ. ನನ್ನ ಸ್ಕ್ರಿಪ್ಟ್ ನನ್ನ ಸೆನ್ಸರನ್ನೇ ಪರರದೆಂದು ಎಸೆಯುತ್ತಿತ್ತು. ಈಗ ಮಾದರಿ, ಚಾನೆಲ್ ಎರಡನ್ನೇ ನೋಡಿ ಸೋಸುತ್ತೇನೆ.