ಆಗಮನ ಕಾಲದ ನೆರವು: ಮೊದಲು ಕೇಳಿ, ಆಮೇಲೆ ಕೊಡಿ

ಕ್ರಿಸ್ಮಸ್ ಹತ್ತಿರವಾದಂತೆ ಚರ್ಚಿನ ಹಿಂದಿನ ಕೋಣೆಯಲ್ಲಿ ಹಳೆಬಟ್ಟೆಯ ರಾಶಿ ಬೆಳೆಯುತ್ತದೆ. ಗುಂಡಿ ಕಿತ್ತ ಅಂಗಿ, ಝಿಪ್ ಕೆಟ್ಟ ಚೀಲ, ಯಾರಿಗೂ ಹೊಂದದ ಅಳತೆಯ ಪ್ಯಾಂಟು. ಹಬ್ಬ ಮುಗಿದ ಮೇಲೆ ಅದನ್ನು ಸಾಗಹಾಕುವುದೇ ಸ್ವಯಂಸೇವಕರಿಗೆ ಇನ್ನೊಂದು ಕೆಲಸ. ಅದೇ ಹೊತ್ತಿಗೆ ಅದೇ ಸಭೆಯ, ಅಂದರೆ ಆ ಚರ್ಚಿಗೆ ಸೇರಿದವರ, ಒಂದು ಮನೆಯಲ್ಲಿ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿರುತ್ತಾರೆ. ಕೊಡುವ ಮನಸ್ಸಿಗೆ ಎಲ್ಲೂ ಬರವಿಲ್ಲ. ಯಾರಿಗೆ ಏನು ಬೇಕೆಂದು ಹೋಗಿ ಕೇಳುವವರಿಗೇ ಬರ.

ಮೊದಲು ಕ್ಯಾಲೆಂಡರ್ ನೋಡಿ. ಕ್ರಿಸ್ಮಸ್‌ಗೆ ಸಿದ್ಧವಾಗುವ ನಾಲ್ಕು ಭಾನುವಾರಗಳ ಆಗಮನ ಕಾಲ (ಅಡ್ವೆಂಟ್) ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ ಶುರುವಾಗುತ್ತದೆ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ. ಕೈಗೆ ಸಿಗುವುದು 22ರಿಂದ 28 ದಿನ. ಇಷ್ಟರಲ್ಲಿ ವಿಚಾರಿಸಿ, ಸಂಗ್ರಹಿಸಿ, ತಲುಪಿಸುತ್ತೇವೆಂದು ಹೊರಟರೆ ಮೂರೂ ಅರೆಬರೆಯಾಗುತ್ತವೆ. ವಿಚಾರಣೆಯನ್ನು ನವೆಂಬರ್ ಆರಂಭದಲ್ಲೇ ಶುರುಮಾಡಿ. ಮೊದಲ ಭಾನುವಾರ ಅಗತ್ಯಗಳ ಪಟ್ಟಿ ಸಭೆಯ ಮುಂದಿರಲಿ, ಎರಡನೆಯದರೊಳಗೆ ಯಾರು ಯಾವುದನ್ನು ವಹಿಸಿಕೊಂಡರೆಂದು ಗೊತ್ತಾಗಲಿ, ಮೂರನೆಯದರೊಳಗೆ ಹಣ ಮತ್ತು ಸಾಮಾನು ಬರಲಿ. ತಲುಪಿಸಲು ಒಂದು ಪೂರ್ತಿ ವಾರ ಬೇಕು. ಕ್ರಿಸ್ಮಸ್ ಸೋಮವಾರ ಬಿದ್ದ ವರ್ಷ ನಾಲ್ಕನೆಯ ಭಾನುವಾರವೇ 24ನೇ ತಾರೀಕು. ಅದನ್ನು ನಂಬಿ ಕೂರಬೇಡಿ.

ಯಾರು ಕೇಳಬೇಕು, ಹೇಗೆ ಕೇಳಬೇಕು

ಮೂರು ಜನ ಸಾಕು. ಅವರಲ್ಲಿ ಒಬ್ಬರಾದರೂ ಹೆಂಗಸಿರಲಿ, ಒಬ್ಬರಾದರೂ ಕಷ್ಟ ಉಂಡವರಿರಲಿ. ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಗ್ರೀಕ್ ಮಾತಾಡುವ ವಿಧವೆಯರು ದಿನದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದಾರೆಂದು ಗೊಣಗಾಟ ಎದ್ದಿತು. ಆಗ ಸಭೆ ಆರಿಸಿದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ಬಿಟ್ಟುಹೋದವರು ಯಾರೆಂಬುದು ಅವರ ನಡುವೆಯೇ ಇರುವವರಿಗೆ ಬೇಗ ಕಾಣುತ್ತದೆ. ಮುಂದಿನ ಸಾಲಿನಲ್ಲಿ ಕೂರುವವರನ್ನೇ ಸಮಿತಿಗೆ ಹಾಕಿದರೆ ಮುಂದಿನ ಸಾಲಿನವರಿಗೆ ಗೊತ್ತಿರುವ ಬಡವರು ಮಾತ್ರ ಪಟ್ಟಿಗೆ ಬರುತ್ತಾರೆ, ಪ್ರತಿ ವರ್ಷ ಅವರೇ.

ಸುಮಾರು ಕ್ರಿ.ಶ. 155ರಲ್ಲಿ ಜಸ್ಟಿನ್ ಎಂಬ ರಕ್ತಸಾಕ್ಷಿ (ನಂಬಿಕೆಗಾಗಿ ಪ್ರಾಣ ಕೊಟ್ಟವನು) ಕ್ರೈಸ್ತರ ಪರವಾಗಿ ರೋಮಿನ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಭಾನುವಾರದ ಕಾಣಿಕೆ ಯಾರಿಗೆ ಹೋಗುತ್ತಿತ್ತೆಂದು ಹೇಳಿದ್ದಾನೆ: ಅನಾಥರು, ವಿಧವೆಯರು, ಕಾಯಿಲೆಯವರು, ಸೆರೆಯಲ್ಲಿರುವವರು, ಪರಊರಿನಿಂದ ಬಂದವರು. ಇವತ್ತಿಗೂ ಹುಡುಕಾಟಕ್ಕೆ ಇದು ಒಳ್ಳೆಯ ಪಟ್ಟಿ. ಇದಕ್ಕೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರನ್ನೂ ಈಚೆಗೆ ಕೆಲಸ ಕಳೆದುಕೊಂಡವರನ್ನೂ ಸೇರಿಸಿ. ಕೆಲಸ ಹೋದವರು ತಾವಾಗಿ ಬಾಯಿ ಬಿಡುವುದಿಲ್ಲ. ಆರು ತಿಂಗಳ ಹಿಂದೆ ಅವರೇ ದಾನ ಕೊಟ್ಟವರಾಗಿರುತ್ತಾರೆ.

ಚರ್ಚಿನ ಬಾಗಿಲಲ್ಲಿ ನಿಲ್ಲಿಸಿ ಕೇಳಬೇಡಿ. ಮನೆಗೆ ಹೋಗಿ, ಮಕ್ಕಳು ಎದುರಿಗಿಲ್ಲದಾಗ ಮಾತಾಡಿ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದು ಬೇಡ. ಅವರ ಮುಂದೆಯೇ ಪುಸ್ತಕ ತೆರೆದು ಬರೆದುಕೊಂಡರೆ ಅದು ತನಿಖೆಯಂತಿರುತ್ತದೆ, ಹೊರಗೆ ಬಂದ ಮೇಲೆ ಬರೆಯಿರಿ. "ಏನು ಬೇಕು?" ಎಂದು ಕೇಳಿದರೆ "ಏನೂ ಬೇಡ, ದೇವರು ನಡೆಸ್ತಾನೆ" ಎಂಬ ಉತ್ತರ ಬರುತ್ತದೆ. ಬದಲಿಗೆ ಹೀಗೆ ಕೇಳಿ:

- ಈ ತಿಂಗಳು ಯಾವ ಖರ್ಚನ್ನು ಮುಂದಕ್ಕೆ ಹಾಕಿದ್ದೀರಿ?
- ಯಾವುದಾದರೂ ಔಷಧಿ ಅರ್ಧಕ್ಕೆ ನಿಂತಿದೆಯೇ?
- ಬಾಡಿಗೆ, ಕರೆಂಟು, ಶಾಲೆಯ ಫೀಸು ಇವುಗಳಲ್ಲಿ ಯಾವುದರ ಗಡುವು ಮೊದಲು ಬರುತ್ತದೆ?
- ಹೋದ ಸಲ ಬಂದ ನೆರವಿನಲ್ಲಿ ಉಪಯೋಗಕ್ಕೆ ಬಾರದೆ ಉಳಿದದ್ದು ಯಾವುದು?

ಕೊನೆಯ ಪ್ರಶ್ನೆಗೆ ಮೊದಲು ನಗುತ್ತಾರೆ, ಆಮೇಲೆ ನಿಜ ಹೇಳುತ್ತಾರೆ. ಕೊಡಲು ಆಗುತ್ತದೋ ಇಲ್ಲವೋ ಗೊತ್ತಾಗುವ ಮೊದಲು ಮಾತು ಕೊಟ್ಟು ಬರಬೇಡಿ. ಆರಾಧನೆಗೆ ಬರಬೇಕೆಂಬ ಷರತ್ತನ್ನು ನೇರವಾಗಿಯೂ ಹಾಕಬೇಡಿ, ಸೂಚನೆಯಾಗಿಯೂ ಹಾಕಬೇಡಿ.

ಚೀಟಿ ಬರೆಯುವುದು

ಸಭೆಯ ಮುಂದೆ ಇಡುವ ಚೀಟಿಯಲ್ಲಿ ಹೆಸರು ಬೇಡ, ಸಂಖ್ಯೆ ಸಾಕು. ಯಾವ ಸಂಖ್ಯೆ ಯಾರದೆಂಬ ಪಟ್ಟಿ ಒಬ್ಬರ ಬಳಿ ಮಾತ್ರ ಇರಲಿ. "ವಿಧವೆ, ಮೂರು ಮಕ್ಕಳು" ಎಂದು ಬರೆದರೂ ಚಿಕ್ಕ ಸಭೆಯಲ್ಲಿ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಮನೆಯ ಕಥೆ ಬಿಟ್ಟು ವಸ್ತುವನ್ನಷ್ಟೇ ಬರೆಯಿರಿ.

ವಸ್ತುವನ್ನು ಮಾತ್ರ ಎಷ್ಟು ನಿಖರವಾಗಿ ಬರೆದರೂ ಕಡಿಮೆಯೇ. "ಎಂಟು ವರ್ಷದ ಹುಡುಗಿಗೆ ಶೂ" ಎಂದರೆ ತಂದವರು ಅಂದಾಜಿನಲ್ಲಿ ತರುತ್ತಾರೆ, ಕಾಲಿಗೆ ಹಿಡಿಯುವುದಿಲ್ಲ. ಸಂಜೆಯ ಹೊತ್ತು ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಗೆರೆ ಎಳೆಯಿರಿ. ದಿನದ ಕೊನೆಗೆ ಪಾದ ತುಸು ಊದಿರುತ್ತದೆ. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನವರೆಗೆ ಅಳೆದು, ಎರಡರಲ್ಲಿ ದೊಡ್ಡದಕ್ಕೆ 1ರಿಂದ 1.5 ಸೆಂಟಿಮೀಟರ್ ಸೇರಿಸಿ. ಅದು ಶೂ ಒಳಗಿನ ಉದ್ದ. ಅದನ್ನೂ ಕತ್ತರಿಸಿದ ಕಾಗದದ ಪಾದವನ್ನೂ ಚೀಟಿಗೆ ಲಗತ್ತಿಸಿ. ಬಟ್ಟೆಗೆ ವಯಸ್ಸಿನ ಬದಲು ಎತ್ತರ ಮತ್ತು ಎದೆಸುತ್ತಳತೆ ಬರೆಯಿರಿ.

ಏನು ತೆಗೆದುಕೊಳ್ಳಬೇಕು, ಏನು ಬೇಡವೆನ್ನಬೇಕು

ಸ್ಯಾನಿಟರಿ ಪ್ಯಾಡ್, ಒಳಉಡುಪು, ದೊಡ್ಡವರ ಡಯಾಪರ್, ಸೋಪು: ಇವನ್ನು ಕೊಡಬೇಕೆಂದು ಜನಕ್ಕೆ ಹೊಳೆಯುವುದೇ ಕಡಿಮೆ, ಬೇಕಾಗುವುದು ಹೆಚ್ಚು. ಎಲ್ಲವೂ ಹೊಸದೇ ಆಗಬೇಕು, ಪೊಟ್ಟಣ ಒಡೆದಿರಬಾರದು. ಆಹಾರ ಪದಾರ್ಥದ ಮೇಲೆ ಕನಿಷ್ಠ ಮೂರು ತಿಂಗಳ ಅವಧಿ ಉಳಿದಿರಲಿ, ಏಕೆಂದರೆ ಹಬ್ಬದ ವಾರ ಎಲ್ಲರೂ ಕೊಡುತ್ತಾರೆ, ಸಾಮಾನು ಉಪಯೋಗಕ್ಕೆ ಬರುವುದು ಆಮೇಲೆ. ಮನೆಯಲ್ಲಿ ಒಲೆ ಇದೆಯೇ, ಫ್ರಿಜ್ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ.

ಉಳಿದ ಔಷಧಿ ಯಾರೇ ತಂದರೂ ಬೇಡವೆನ್ನಿ. ವೈದ್ಯರ ಚೀಟಿ ನೋಡಿ ಔಷಧಿ ಅಂಗಡಿಗೆ ನೇರವಾಗಿ ಹಣ ಕಟ್ಟುವುದು ಸುರಕ್ಷಿತ. ಹಳೆಯ ಕನ್ನಡಕವೂ ಹಾಗೆಯೇ, ಕಣ್ಣಿನ ಪರೀಕ್ಷೆಯ ಖರ್ಚು ಕೊಡಿ. ಶಿಶುವಿನ ಪುಡಿಹಾಲನ್ನು ತಾಯಿ ಕೇಳಿದಾಗ ಮಾತ್ರ, ಅವರು ಈಗಾಗಲೇ ಕೊಡುತ್ತಿರುವ ಬಗೆಯದನ್ನೇ ತನ್ನಿ. ಎದೆಹಾಲು ಕುಡಿಯುವ ಮಗುವಿನ ಮನೆಗೆ ಪುಡಿಹಾಲಿನ ಡಬ್ಬಿ ಹೋದರೆ ಎದೆಹಾಲು ಕಡಿಮೆಯಾಗುತ್ತದೆ, ಡಬ್ಬಿ ಖಾಲಿಯಾದ ಮೇಲೆ ಕೊಳ್ಳಲು ಹಣವಿರುವುದಿಲ್ಲ.

ಬಟ್ಟೆಗೆ ಒಂದೇ ನಿಯಮ: ನಿಮ್ಮ ಮನೆಗೆ ಬಂದ ನೆಂಟರಿಗೆ ಕೊಡಲು ಸಂಕೋಚವಾದರೆ ಚರ್ಚಿಗೂ ತರಬೇಡಿ. ಎರಡು ಅಂಗಿಯಿದ್ದವನು ಇಲ್ಲದವನಿಗೆ ಒಂದು ಕೊಡಲಿ ಎಂದು ಸ್ನಾನಿಕನಾದ ಯೋಹಾನ ಹೇಳಿದ್ದು (ಲೂಕ 3:11) ಉಡಬಹುದಾದ ಅಂಗಿಯ ಬಗ್ಗೆ.

ಆಟಿಕೆಯನ್ನು ಮಕ್ಕಳ ಕೈಗೆ ನೀವೇ ಕೊಡಬೇಡಿ. ಅಪ್ಪ ಅಮ್ಮನ ಎದುರಲ್ಲಿ ಬೇರೆಯವರು ಬಂದು ಉಡುಗೊರೆ ಹಂಚಿದರೆ ಮಗುವಿನ ಕಣ್ಣಲ್ಲಿ ಹೆತ್ತವರು ಕೈಲಾಗದವರಾಗುತ್ತಾರೆ. ಸುತ್ತದೆ, ಬಣ್ಣದ ಕಾಗದ ಮತ್ತು ಟೇಪಿನ ಜೊತೆ ಹೆತ್ತವರಿಗೆ ಕೊಡಿ, ಕಟ್ಟಿ ಕೊಡುವುದು ಅವರ ಪಾಲಿಗಿರಲಿ. 4ನೇ ಶತಮಾನದ ಮೈರಾ ಪಟ್ಟಣದ (ಈಗಿನ ಟರ್ಕಿ) ಬಿಷಪ್ ನಿಕೊಲಾಸರು, ಅಂದರೆ ಸಾಂಟಾ ಕ್ಲಾಸ್ ಕಥೆಯ ಮೂಲಪುರುಷರು, ಪರಂಪರೆ ಹೇಳುವಂತೆ, ಮೂವರು ಹೆಣ್ಣುಮಕ್ಕಳ ಮದುವೆಗೆ ಬೇಕಾದ ಹೊನ್ನನ್ನು ರಾತ್ರಿ ಯಾರಿಗೂ ಕಾಣದಂತೆ ಮನೆಯೊಳಗೆ ಹಾಕಿದರು. ಅವರ ಹಬ್ಬ ಡಿಸೆಂಬರ್ 6, ಆಗಮನ ಕಾಲದ ನಡುವೆಯೇ ಬರುತ್ತದೆ. ಅವರ ಹೆಸರಿನಲ್ಲಿ ಕೊಡುವವರು ವೇದಿಕೆ ಹಾಕಿ, ಫಲಾನುಭವಿಗಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸುವುದು ವಿಚಿತ್ರವೇ ಸರಿ.

ಹಣ

ಬಹುಪಾಲು ಸಂದರ್ಭದಲ್ಲಿ ಹಣವೇ ಒಳ್ಳೆಯ ನೆರವು. ಅದಕ್ಕೆ ಸಾಗಣೆ ಬೇಡ, ಅಳತೆ ಬೇಡ, ಯಾವುದು ತುರ್ತೆಂದು ಮನೆಯವರೇ ನಿರ್ಧರಿಸುತ್ತಾರೆ. "ಹಣ ಕೊಟ್ಟರೆ ಪೋಲು ಮಾಡುತ್ತಾರೆ" ಎಂಬ ಮಾತು ಸಮಿತಿಯಲ್ಲಿ ಖಂಡಿತ ಬರುತ್ತದೆ. ಕುಡಿತ, ಜೂಜು ಇದೆಯೆಂದು ಖಚಿತವಾಗಿ ಗೊತ್ತಿದ್ದರೆ ಮನೆಯಾಕೆಯನ್ನು ಕೇಳಿ, ಒಪ್ಪಿದರೆ ಬಾಡಿಗೆಯನ್ನೋ ಫೀಸನ್ನೋ ನೇರವಾಗಿ ಕಟ್ಟಿ ರಸೀದಿ ಪಡೆಯಿರಿ. ಒಂದೆರಡು ಮನೆಯ ಕಾರಣಕ್ಕೆ ಎಲ್ಲರನ್ನೂ ಅನುಮಾನಿಸುವುದು ಸಲ್ಲದು.

ಸಂಗ್ರಹವನ್ನು ಒಂದೇ ದಿನ ಮಾಡಬೇಡಿ. ವಾರದ ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಂತೆ ತೆಗೆದಿಡಲಿ ಎಂದು ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದದ್ದು (1 ಕೊರಿಂಥ 16:2) ಇಲ್ಲಿ ಚೆನ್ನಾಗಿ ಹೊಂದುತ್ತದೆ. ಮೂರು ಭಾನುವಾರ ಮೂರು ಲಕೋಟೆ ಕೊಟ್ಟರೆ ಕಡಿಮೆ ಆದಾಯದವರಿಗೂ ಭಾರವಾಗುವುದಿಲ್ಲ. ಅದೇ ದಿನ, ಒಂದೇ ಕುಟುಂಬಕ್ಕೆ ಸೇರದ ಇಬ್ಬರು ಎಣಿಸಿ, ಇಬ್ಬರೂ ಸಹಿ ಹಾಕಬೇಕು. ಸಮಿತಿಯವರ ನೆಂಟರ ಹೆಸರು ಪಟ್ಟಿಯಲ್ಲಿದ್ದರೆ ಆ ಚೀಟಿಯ ತೀರ್ಮಾನಕ್ಕೆ ಅವರು ಕೂರಬಾರದು.

ಬಂದದ್ದನ್ನೆಲ್ಲ ಡಿಸೆಂಬರ್‌ನಲ್ಲೇ ಖರ್ಚು ಮಾಡಿದರೆ ಜನವರಿಯಲ್ಲಿ ಕೈ ಖಾಲಿ, ಆಗ ಬಾಕಿಗಳೆಲ್ಲ ಒಟ್ಟಿಗೆ ಬಂದಿರುತ್ತವೆ. 100ರಲ್ಲಿ 60 ಈಗಿನ ಚೀಟಿಗಳಿಗೆ, 30 ಜನವರಿಯಿಂದ ಮಾರ್ಚ್‌ವರೆಗೆ, 10 ತುರ್ತಿಗೆ ಇಡಿ. ಹೀಗೆ ಇಡುತ್ತೇವೆಂದು ಮೊದಲ ಭಾನುವಾರವೇ ಸಭೆಗೆ ಹೇಳಿಬಿಡಿ, ಆಮೇಲೆ "ಹಣ ಎಲ್ಲಿ ಹೋಯಿತು" ಎಂಬ ಮಾತು ಏಳುವುದಿಲ್ಲ.

ತಲುಪಿಸಲು ಇಬ್ಬರು ಹೋಗಿ, ಚರ್ಚಿನ ಹೆಸರು ಬರೆದ ಚೀಲ ಬೇಡ. ಜನವರಿ ಎರಡನೆಯ ವಾರ ಅದೇ ಇಬ್ಬರು ಬರಿಗೈಯಲ್ಲಿ ಇನ್ನೊಮ್ಮೆ ಹೋಗಿ, ಶೂ ಹಿಡಿಯಿತೇ, ಔಷಧಿ ಮುಂದುವರಿದಿದೆಯೇ ಎಂದು ವಿಚಾರಿಸಿ ಬನ್ನಿ. ಲೆಕ್ಕದ ಪುಸ್ತಕವನ್ನೂ ರಸೀದಿಗಳನ್ನೂ ಇಟ್ಟುಕೊಳ್ಳಿ. ಹೆಸರಿನ ಪಟ್ಟಿಯನ್ನು ಮಾರ್ಚ್ ಮುಗಿದ ಮೇಲೆ ಹರಿದುಹಾಕಿ; ಮುಂದಿನ ವರ್ಷ ಅದನ್ನೇ ನಕಲು ಮಾಡುವ ಆಸೆಯೂ ಆಗ ಹುಟ್ಟುವುದಿಲ್ಲ.