ಸ್ಟೈಲ್ ಹಾಕಿದ ಮೇಲೆ ನನ್ನ 180 ಪುಟ ದಾರಿಗೆ ಬಂತು

ಬರಹ 180 ಪುಟ ದಾಟಿತ್ತು. ಒಂದು ಅಧ್ಯಾಯದ ತಲೆಬರಹ 16 ಪಾಯಿಂಟ್, ಇನ್ನೊಂದರದ್ದು 18. ಹೊಸ ಅಧ್ಯಾಯವನ್ನು ಹೊಸ ಪುಟಕ್ಕೆ ತಳ್ಳಲು ಎಂಟರ್ ಒತ್ತುತ್ತಾ ಹೋಗಿದ್ದೆ. ಮೊದಲ ಅಧ್ಯಾಯಕ್ಕೆ ಎರಡು ಸಾಲು ಸೇರಿಸಿದರೆ ಮುಂದಿನದೆಲ್ಲ ಜರುಗಿಬಿಡುತ್ತಿತ್ತು.

ನಾನು ಬಳಸುವುದು ಲಿಬ್ರೆಆಫೀಸ್ ರೈಟರ್ ಅನ್ನುವ ಬರಹದ ತಂತ್ರಾಂಶ. ಎಫ್11 ಒತ್ತಿದರೆ ಸ್ಟೈಲ್‌ಗಳ, ಅಂದರೆ ಹೆಸರು ಕೊಟ್ಟು ಉಳಿಸಿದ ಫಾಂಟ್, ಗಾತ್ರ ಮುಂತಾದ ರೂಪಗಳ, ಪಟ್ಟಿ ತೆರೆಯುತ್ತದೆ. ಅಧ್ಯಾಯದ ಹೆಸರುಗಳಿಗೆಲ್ಲ 'ಹೆಡಿಂಗ್ 1' ಕೊಟ್ಟೆ. ಆ ಸ್ಟೈಲ್‌ನ ಸೆಟ್ಟಿಂಗ್‌ಗಳಲ್ಲಿರುವ 'ಟೆಕ್ಸ್ಟ್ ಫ್ಲೋ' ಭಾಗದಲ್ಲಿ 'ಮೊದಲು ಪುಟ ಒಡೆ' ಅನ್ನುವ ಆಯ್ಕೆ ಹಾಕಿದೆ. ಖಾಲಿ ಸಾಲುಗಳನ್ನೆಲ್ಲ ಅಳಿಸಿದೆ. ಈಗ ಪ್ರತಿ ಅಧ್ಯಾಯ ತಾನಾಗಿಯೇ ಹೊಸ ಪುಟದಲ್ಲಿ ಶುರುವಾಗುತ್ತದೆ.

ಆದರೂ ಕೆಲವು ಪ್ಯಾರಾಗಳು ಬದಲಾಗಲೇ ಇಲ್ಲ. ಕೈಯಿಂದ ಹಾಕಿದ ಫಾರ್ಮ್ಯಾಟಿಂಗ್ ಸ್ಟೈಲ್‌ನ ಮೇಲೆ ಕೂತಿರುತ್ತದೆ, ಅಲ್ವಾ? ಆಯ್ಕೆ ಮಾಡಿ ಕಂಟ್ರೋಲ್ ಜೊತೆ ಎಂ ಒತ್ತಿದರೆ ಅದು ಹೋಗುತ್ತದೆ. ಜೋಪಾನ, ಬೇಕೆಂದೇ ದಪ್ಪ ಮಾಡಿದ ಪದಗಳೂ ಸಾದಾ ಆಗಿಬಿಡುತ್ತವೆ. ನಾನು ಅದನ್ನು ರದ್ದು ಮಾಡಿ, ಆ ಪದಗಳಿಗೆ ಮೊದಲು ಕ್ಯಾರೆಕ್ಟರ್ ಸ್ಟೈಲ್ (ಇಡೀ ಪ್ಯಾರಾಕ್ಕಲ್ಲದೆ ಆಯ್ದ ಪದಗಳಿಗೆ ಮಾತ್ರ ಹಾಕುವ ಸ್ಟೈಲ್) ಹಾಕಿ, ಆಮೇಲೆ ಮಿಕ್ಕದ್ದನ್ನು ತೆಗೆದೆ.

ಜಾಸ್ತಿ ಹೊತ್ತು ತಿಂದದ್ದು ಕನ್ನಡ ಫಾಂಟ್. ಸ್ಟೈಲ್‌ನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಹಾಗೇ ಇತ್ತು, ಇಂಗ್ಲಿಷ್ ಪದಗಳು ಮಾತ್ರ ಬದಲಾಗುತ್ತಿದ್ದವು. ರೈಟರ್‌ನಲ್ಲಿ ಕನ್ನಡದ ಫಾಂಟ್ ಹಾಕಲು ಬೇರೆ ಜಾಗವಿದೆ: ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್, ಅಂದರೆ ಕನ್ನಡದಂಥ ಲಿಪಿಗಳಿಗಾಗಿ ಇರುವ ವಿಭಾಗ. ಅದು ಕಾಣದಿದ್ದರೆ ಆಯ್ಕೆಗಳ ಭಾಷಾ ವಿಭಾಗದಲ್ಲಿ ಅದನ್ನು ಆನ್ ಮಾಡಬೇಕು. ಫಾಂಟ್, ಗಾತ್ರ ಎರಡನ್ನೂ ಅಲ್ಲೇ ಹಾಕಿದೆ. ಇಡೀ ಬರಹ ಒಂದೇ ಸಲ ಬದಲಾಯಿತು. ಪರಿವಿಡಿಯೂ ಹೆಡಿಂಗ್‌ಗಳಿಂದಲೇ ತಯಾರಾಯಿತು.