ಮೆಟ್ಟುಗತ್ತಿಗೆ ಮತ್ತೆ ಕಾಲು ಕೊಟ್ಟಿದ್ದು

ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯನ್ನು, ಅಂದರೆ ಮರದ ಹಲಗೆಗೆ ಕೂರಿಸಿದ ಕತ್ತಿಯನ್ನು, ನಾನು ಬಲಗಾಲಿನಲ್ಲೇ ಮೆಟ್ಟಿ ಹಿಡಿಯುವುದು. ಆ ಕಾಲಿನ ಹೆಬ್ಬೆರಳಿನ ಬುಡದಲ್ಲಿ ಗಂಟು ಎದ್ದು, ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಅಗಲದ ಚಪ್ಪಲಿ ಹಾಕಿದೆ, ಬೆರಳ ಸಂದಿಗೆ ಸಿಲಿಕಾನ್ ತುಂಡು ಇಟ್ಟೆ. ನೋವು ಸ್ವಲ್ಪ ತಗ್ಗಿತು, ಬೆರಳು ನೆಟ್ಟಗಾಗಲಿಲ್ಲ. ಮಲಗಿದಾಗಲೂ ನೋಯಲು ಶುರುವಾದ ಮೇಲೆ, ಜುಲೈ ಕೊನೆಯಲ್ಲಿ ಶಿರಸಿಯಿಂದ ಹುಬ್ಬಳ್ಳಿಗೆ ಹೋಗಿ ಬನಿಯನ್ (ಹೆಬ್ಬೆರಳ ಬುಡದ ಈ ಗಂಟಿಗೆ ಇಂಗ್ಲಿಷಿನ ಹೆಸರು) ಆಪರೇಷನ್ ಮಾಡಿಸಿಕೊಂಡೆ.

ಗಂಟು ಕೆತ್ತಿ ತೆಗೆದರೆ ಮುಗೀತು ಅಂದುಕೊಂಡಿದ್ದೆ. ಹಾಗಲ್ಲ. ಅದು ಹೊಸದಾಗಿ ಬೆಳೆದ ಗಡ್ಡೆ ಅಲ್ಲ, ಓರೆಯಾದ ಮೂಳೆಯೇ ಹೊರಗೆ ಚಾಚಿಕೊಂಡಿದ್ದು. ಡಾಕ್ಟರು ಮೂಳೆ ಕತ್ತರಿಸಿ, ಸರಿಸಿ, ಎರಡು ಸಣ್ಣ ಸ್ಕ್ರೂ ಹಾಕಿದರು. ಅಂದರೆ ಕಾಲಿನ ಮೂಳೆ ಮುರಿದ ಹಾಗೇ ಲೆಕ್ಕ. ಕೂಡಲು ಆರು ವಾರವಾದರೂ ಬೇಕು.

ಮೊದಲ ಎರಡು ವಾರ ನನಗಿದ್ದ ಕೆಲಸ ಒಂದೇ: ಕಾಲು ಎದೆಗಿಂತ ಎತ್ತರ ಇಟ್ಟು ಮಲಗುವುದು. ಎರಡು ದಿಂಬು, ಅದರ ಮೇಲೆ ಮಡಚಿದ ಕಂಬಳಿ. ಕಾಲು ಕೆಳಗೆ ಬಿಟ್ಟ ಸ್ವಲ್ಪ ಹೊತ್ತಿಗೇ ಬೆರಳ ತುದಿ ನೇರಳೆ ಬಣ್ಣಕ್ಕೆ ತಿರುಗಿ, ಬ್ಯಾಂಡೇಜಿನ ಒಳಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಮೇಲಿಟ್ಟರೆ ಇಳಿಯುತ್ತಿತ್ತು. ಮಾತ್ರೆಗಿಂತ ಜಾಸ್ತಿ ಕೆಲಸ ಮಾಡಿದ್ದು ಆ ಕಂಬಳಿಯೇ. ನಾನು ಏಳಲು ಹೊರಟರೆ ಅತ್ತೆ ಒಳಗಿನಿಂದಲೇ, “ಕಾಲು ಮೇಲಿಡೇ ತಂಗೀ” ಅನ್ನುತ್ತಿದ್ದರು. ಅವರಿಲ್ಲದಿದ್ದರೆ ನಾನು ಮೂರನೇ ದಿನಕ್ಕೇ ಒಲೆ ಮುಂದೆ ನಿಂತಿರುತ್ತಿದ್ದೆ.

ಹಳೇ ಮನೆ, ಎತ್ತರದ ಹೊಸ್ತಿಲು, ಮಳೆಗಾಲದ ಪಾಚಿ ಹಿಡಿದ ಅಂಗಳ. ಗಟ್ಟಿ ಅಡಿಯ ಶೂ ಕೊಟ್ಟಿದ್ದರು. ಹಿಮ್ಮಡಿ ಮೇಲೆ ಮಾತ್ರ ಭಾರ ಹಾಕಿ, ವಾಕರ್ ಹಿಡಿದು ನಡೆಯಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಅಂಗಳಕ್ಕೆ ಇಳಿಯಲೇ ಇಲ್ಲ. ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ, ಅದಕ್ಕೆ ಕಮೋಡ್ ಕುರ್ಚಿ ತರಿಸಿದೆವು. ಆಪರೇಷನ್ನಿಗೆ ಮೊದಲೇ ತಂದಿಡಬೇಕಿತ್ತು. ಬಚ್ಚಲಲ್ಲಿ ಸ್ಟೂಲ್ ಮೇಲೆ ಕೂತು, ಕಾಲಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಸ್ನಾನ. ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿದರು. ಮೀನಖಂಡ ಬಿಗಿದು ನೋಯುತ್ತಾ ಊದಿದರೆ ಒಂದು ದಿನವೂ ಕಾಯಬೇಡಿ, ರಕ್ತ ಹೆಪ್ಪುಗಟ್ಟಿರಬಹುದು ಎಂದು ಆಗಲೇ ಹೇಳಿದ್ದರು. ನನಗೆ ಹಾಗಾಗಲಿಲ್ಲ. ಆದರೂ ದಿನಾ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಆರು ವಾರದ ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡುತ್ತಿದೆ ಎಂದರು. ಅದೇ ವಾರ ಚೌತಿ. ಕೈ ಚಕ್ಕುಲಿ ಸುತ್ತುವುದು ಬೇಡ, ಎಣ್ಣೆ ಮುಂದೆ ನಿಂತು ಕರಿದು ಕೊಡುತ್ತೇನೆ ಎಂದು ಹೊರಟೆ. ಎರಡು ಗಂಟೆ ನಿಂತೆ. ರಾತ್ರಿ ಪಾದದ ಮೇಲೆ ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ನನಗೆ ಅಳು ಬಂತು. ಕೆಟ್ಟೇ ಹೋಯಿತೇನೋ ಎಂದು ಹೆದರಿ ಡಾಕ್ಟರಿಗೆ ಫೋನ್ ಮಾಡಿದರೆ, ಊತ ಆರು ತಿಂಗಳಾದರೂ ಇರಬಹುದು, ಕೆಲವರಿಗೆ ವರ್ಷವೂ ಹಿಡಿಯುತ್ತದೆ ಎಂದರು. ಮೂಳೆ ಕೂಡುವುದೇ ಬೇರೆ, ಊತ ಇಳಿಯುವುದೇ ಬೇರೆ ಅಂತ ಅವತ್ತು ಅರ್ಥವಾಯಿತು. ಆಮೇಲೆ ಇಪ್ಪತ್ತು ನಿಮಿಷ ನಿಂತರೆ ಅಷ್ಟೇ ಹೊತ್ತು ಕಾಲು ಮೇಲೆ.

ಬೆರಳು ಬಗ್ಗಿಸುವ ಅಭ್ಯಾಸ ದಿನಕ್ಕೆ ಮೂರು ಸಲ. ಹೆಬ್ಬೆರಳನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆ, ಕೆಳಗೆ. ಮೊದಮೊದಲು ಅದು ನನ್ನ ಬೆರಳೇ ಅಲ್ಲವೇನೋ ಅನ್ನುವಷ್ಟು ಬಿಗಿ. ಇದನ್ನು ಮಾತ್ರ ತಪ್ಪಿಸಲಿಲ್ಲ. ಬೆರಳು ಮಡಚದಿದ್ದರೆ ತೋಟದ ಏರು ಹತ್ತುವುದು ಕಷ್ಟ ಅಲ್ವಾ?

ಡಿಸೆಂಬರಿನಲ್ಲಿ ಡಾಕ್ಟರನ್ನು ಕೇಳಿಯೇ ಮೆಟ್ಟುಗತ್ತಿ ಮುಂದೆ ಕೂತೆ. ಮೊದಲ ದಿನ ಅರ್ಧ ಗಂಟೆ. ಮೆಟ್ಟಿದಾಗ ಹೆಬ್ಬೆರಳು ನೆಟ್ಟಗೆ ಊರಿತು. ಎಷ್ಟೋ ವರ್ಷದ ಮೇಲೆ ಅದರ ಇಡೀ ಅಡಿ ಮರಕ್ಕೆ ತಾಗಿತು. ಸಂಜೆಗೆ ಚಪ್ಪಲಿ ಪಟ್ಟಿಯ ಗುರುತು ಈಗಲೂ ಮೂಡುತ್ತದೆ. ಪಟ್ಟಿ ಒಂದು ತೂತು ಸಡಿಲ ಮಾಡಿ, ಜಗಲಿಯಲ್ಲಿ ಕಾಲು ಚಾಚಿ ಕೂರುತ್ತೇನೆ.